ಇಳಕಲ್ಲಿನ ಇಂಟು ಮಾರ್ಕು, ಬುಕಾರೆಸ್ಟಿನ ಕೆಂಪು ಬಿಲ್ಲೆ

ಹೊರಡುವ ಮೊದಲು: ಇಳಕಲ್ಲು

ಪರದೇಶಕ್ಕೆ ಹೋಗಿ ಬಂದವರನ್ನು ಜನ, ಏನೇನು ನೋಡಿದಿರಿ ಎಂದು ಕೇಳುತ್ತಾರೆ. ನಾನು ಕಂಬ ನೋಡಿದೆ. ಕಂಬ, ತೊಲೆ, ಕಂಬಕ್ಕೆ ತೊಲೆ ಕೂಡುವ ಮೂಲೆ, ಆ ಮೂಲೆಯಲ್ಲಿ ಬಿಟ್ಟ ಬಿರುಕು. ಅರಮನೆಯಂಥ ಕಟ್ಟಡದ ಮುಂದೆ ನಿಂತಾಗಲೂ ನಮ್ಮ ಮನೆಯವರು ಬೆರಳು ಮಾಡಿ ತೋರಿಸಿದ್ದು ಅದರ ಕಿಟಕಿಯ ಕೆಳಗಿನ ಸೀಳನ್ನು. ಹೆಂಡತಿಯನ್ನು ಯುರೋಪಿಗೆ ಕರೆದೊಯ್ಯುವ ಗಂಡಂದಿರು ನಮ್ಮ ಬಾಗಲಕೋಟೆಯಲ್ಲೂ ಇದ್ದಾರೆ. ಕರೆದೊಯ್ದು ಸಿಮೆಂಟಿನ ಬಿರುಕು ತೋರಿಸಿದವರು, ನನಗೆ ತಿಳಿದ ಮಟ್ಟಿಗೆ, ಇವರೊಬ್ಬರೇ. ಮದುವೆಯಾದ ಹೊಸದರಲ್ಲಿ ಬಾದಾಮಿಗೆ ಕರೆದೊಯ್ದು ಗುಹೆಯ ಕಂಬಗಳ ದಪ್ಪವನ್ನು ಗೇಣಿನಲ್ಲಿ ಅಳೆದವರು. ನಾನು ಆವತ್ತೇ ಅರ್ಥ ಮಾಡಿಕೊಳ್ಳಬೇಕಿತ್ತು.

ಇವರ ಹೆಸರು ಮಲ್ಲಿಕಾರ್ಜುನ. ನವನಗರದಲ್ಲಿ ಕಟ್ಟಡಗಳ ಗಟ್ಟಿತನದ ಲೆಕ್ಕ ಹಾಕುವ ಎಂಜಿನಿಯರು. ನಾನು ಅದೇ ನವನಗರದ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತೇನೆ. ರುಮೇನಿಯಾ ದೇಶದ ಬುಕಾರೆಸ್ಟಿನಲ್ಲಿ ಎರಡು ವಾರದ ಒಂದು ತರಬೇತಿ ಇತ್ತು. ಹಳೆಯ ಕಾಂಕ್ರೀಟು ಕಟ್ಟಡಗಳಿಗೆ ಉಕ್ಕಿನ ಬ್ರೇಸು ಕೂಡಿಸಿ ಭೂಕಂಪಕ್ಕೆ ತಡೆಯುವಂತೆ ಮಾಡುವುದು ಹೇಗೆ, ಕೂಡಿಸುವ ಮೊದಲು ಅದನ್ನು ಕಂಪ್ಯೂಟರಿನಲ್ಲಿ ಮಾಡೆಲ್ ಮಾಡಿ ಅಲುಗಾಡಿಸಿ ನೋಡುವುದು ಹೇಗೆ, ಇದು ವಿಷಯ. ಬ್ರೇಸು ಅಂದರೆ ದೊಡ್ಡ ಗುಟ್ಟೇನಲ್ಲ. ಕಟ್ಟಿಗೆಯ ಸ್ಟೂಲು ಅಲುಗಾಡತೊಡಗಿದರೆ ಕಾಲಿನಿಂದ ಕಾಲಿಗೆ ಓರೆಯಾಗಿ ಒಂದು ಪಟ್ಟಿ ಬಡಿಯುತ್ತೇವಲ್ಲ, ಅದೇ. ಸ್ಟೂಲಿಗೆ ಬಡಿದರೆ ಬಡಿಗತನ, ಆಸ್ಪತ್ರೆಗೆ ಬಡಿದರೆ ವಿಮಾನದ ಟಿಕೇಟು.

ಆ ಆಸ್ಪತ್ರೆಯೇ ಈ ಪ್ರವಾಸದ ಮೂಲ. ಇಳಕಲ್ಲಿನಲ್ಲಿ ಇವರ ಅಕ್ಕ, ಡಾಕ್ಟರ್ ಗಿರಿಜಕ್ಕನದು ಹೆರಿಗೆ ಆಸ್ಪತ್ರೆ ಇದೆ. ಕೆಳಗೆ ಬರೀ ಕಂಬ. ಆ ಕಂಬಗಳ ನಡುವೆ ಆಂಬುಲೆನ್ಸು, ಮೋಟರ್ ಸೈಕಲ್ಲು, ರೋಗಿಗಳ ಕಡೆಯವರ ಬುತ್ತಿಗಂಟು. ಮೇಲಿನ ಮಾಳಿಗೆಗಳಲ್ಲಿ ಬಾಣಂತಿಯರು, ಕೂಸುಗಳು. ಒಂದು ಮಧ್ಯಾಹ್ನ ನೆಲ ಗುರ್ ಅಂದು ಸಲಾಯಿನ್ ಬಾಟಲಿಗಳು ತೂಗಾಡಿದವು. ಏನೂ ಬೀಳಲಿಲ್ಲ. ಗಿರಿಜಕ್ಕ ತಮ್ಮನನ್ನು ಕರೆಸಿದರು. ತಮ್ಮ ಅಳೆದು, ಸುತ್ತಿಗೆಯಿಂದ ಬಡಿದು ನೋಡಿ, ಕೆಳಗಿನ ಕಂಬಗಳು ತೆಳ್ಳಗಿವೆ, ನಾಲ್ಕೂ ಕಡೆ ಬ್ರೇಸು ಬೇಕು ಎಂದು ನಕ್ಷೆ ಬರೆದರು. ಮುಂಭಾಗದಲ್ಲಿ ಮೂರು ಅಂಕಣ, ಅಂದರೆ ಕಂಬದಿಂದ ಕಂಬಕ್ಕೆ ಮೂರು ತೆರಪು. ನಡುವಿನದರಲ್ಲಿ ಬಾಗಿಲು. ಎಡದ ಅಂಕಣದಲ್ಲಿ ಮೂಲೆಯಿಂದ ಮೂಲೆಗೆ ಒಂದನ್ನೊಂದು ಹಾದುಹೋಗುವ ಎರಡು ಉಕ್ಕಿನ ಕೊಳವೆ, ಬಲದ ಅಂಕಣದಲ್ಲಿ ಹಾಗೆಯೇ ಎರಡು.

ಗಿರಿಜಕ್ಕ ಚಸ್ಮಾ ಏರಿಸಿ ನಕ್ಷೆ ನೋಡಿದರು.

"ಏನಿದು ಮಲ್ಲೂ, ನನ್ನ ದವಾಖಾನಿ ಮುಂದ ಇಂಟು ಮಾರ್ಕ?"

"ಅದು ಬ್ರೇಸ್ ಅಕ್ಕಾ."

"ಬ್ರೇಸರ ಇರಲಿ, ಮತ್ತೊಂದರ ಇರಲಿ. ನೋಡಾಕ ಇಂಟು ಮಾರ್ಕ ಐತಿ. ತಪ್ಪಾತು ಅಂತ ಸುಮಂಗಲಾ ಪೇಪರಿಗೆ ಹಾಕ್ತಾಳಲ್ಲ, ಹಂಗ. ಅದೂ ಬಾಗಲದ ಎರಡೂ ಕಡೆ."

ಸುಮಂಗಲಾ ಅಂದರೆ ನಾನು. ಇಷ್ಟು ವರ್ಷ ಕೆಂಪು ಪೆನ್ನಿನಿಂದ ಎಷ್ಟು ಮಕ್ಕಳ ಎದೆ ಒಡೆದಿದ್ದೇನೆಂದು ಆಗ ಲಕ್ಷ್ಯಕ್ಕೆ ಬಂತು.

ಹೊರಗಿನವರು ಇದನ್ನು ಬರೀ ಶಕುನದ ಮಾತು ಅಂದಾರು. ಆದರೆ ಪಂಚಾಂಗ ನೋಡಿ ಸಿಜೇರಿಯನ್ ಮಾಡಿಸಲು ಬಂದವರನ್ನು ಬೈದು ಕಳಿಸುವ ಹೆಂಗಸು ಗಿರಿಜಕ್ಕ. ಇವರೆಲ್ಲ ಹುಟ್ಟಿ ಬೆಳೆದದ್ದು ಹಳೇ ಬಾಗಲಕೋಟೆಯಲ್ಲಿ. ಅಣೆಕಟ್ಟಿನ ಹಿನ್ನೀರಿಗೆ ಮುಳುಗಲಿದ್ದ ಓಣಿಗಳಿಗೆ ಅಳತೆಯವರು ಬಂದು ಮುಂಗೋಡೆಗೆ ಬಣ್ಣದಲ್ಲಿ ಗುರುತು ಬರೆದು ಹೋದರಂತೆ. ಆಮೇಲೆ ನಮ್ಮೂರಿನಲ್ಲಿ ಮುಂಗೋಡೆಯ ಗುರುತಿಗೆ ಒಂದೇ ಅರ್ಥ ಉಳಿಯಿತು: ಈ ಮನೆ ಹೋಯಿತು.

"ಆ ಗುರ್ತ ಬಿದ್ದ ಮರದಿನದಿಂದ ಅವ್ವ ಬಾಗಲದಾಗ ರಂಗೋಲಿ ಹಾಕೂದು ಬಿಟ್ಟಳು," ಅಂದರು ಗಿರಿಜಕ್ಕ. "ಮನಿ ಬಿಡೂತನಾ ಹಾಕಲಿಲ್ಲ. ನೀ ಸಣ್ಣಾವ ಇದ್ದಿ, ನಿನಗ ನೆನಪಿರಾಕಿಲ್ಲ. ನನ್ನ ಕಟ್ಟಡದ ಮಾರಿಗೆ ಅಂಥಾದ್ದು ಬ್ಯಾಡ. ಹಿಂದ ಹಾಕು, ಬಾಜೂಕ ಹಾಕು, ಬೇಕಾದಷ್ಟ ಹಾಕು."

ಇವರನ್ನು ಎತ್ತಿ ಆಡಿಸಿದವರು, ಸಾಲಿಗೆ ಕೈ ಹಿಡಿದು ಕರೆದೊಯ್ದವರು ಗಿರಿಜಕ್ಕ. ಗುತ್ತಿಗೆದಾರರ ಮುಂದೆ ಹುಲಿಯಾಗಿರುವ ಎಂಜಿನಿಯರು ಅಕ್ಕನ ಮುಂದೆ "ಆತು ಅಕ್ಕಾ" ಅಂದು ಮುಂಭಾಗದ ಬ್ರೇಸುಗಳನ್ನು ಅಳಿಸಿದರು.

ಮರಳಿ ಬರುವಾಗ ಹುನಗುಂದ ದಾಟಿದ ಮೇಲೆ ಕೇಳಿದೆ. "ಮುಂದ ಇಲ್ಲಂದ್ರ ನಡೀತೈತೇನ್ರಿ?"

"ಹಿಂದ ಇನ್ನೊಂಚೂರು ಗಟ್ಟಿ ಮಾಡ್ತೇನಿ."

"ನಾ ಕೇಳಿದ್ದು ಮುಂದಿಂದು."

ಅಮೀನಗಡದಲ್ಲಿ ಗಾಡಿ ನಿಲ್ಲಿಸಿ ಕರದಂಟು ಕೊಡಿಸಿದರು. ನಮ್ಮ ಮನೆಯಲ್ಲಿ ಉತ್ತರ ಗೊತ್ತಿಲ್ಲದ ಪ್ರಶ್ನೆಗಳಿಗೆಲ್ಲ ಕರದಂಟು ಸಿಗುತ್ತದೆ.

ತರಬೇತಿಗೆ ಬರುವವರು ತಮ್ಮೂರಿನ ಒಂದು ಕಟ್ಟಡದ ಮಾಡೆಲ್ ತರಬೇಕು ಎಂದಿತ್ತು. ಇವರು ಗಿರಿಜಕ್ಕನ ಆಸ್ಪತ್ರೆಯನ್ನೇ ಲ್ಯಾಪ್‌ಟಾಪಿಗೆ ತುಂಬಿಕೊಂಡರು. ನಾವು ಬಂದ ಕೂಡಲೆ ಕೆಲಸ ಶುರು ಎಂದು ವೆಲ್ಡಿಂಗಿನವರಿಗೂ ಹೇಳಿಯಾಗಿತ್ತು. ಏನು ಬೆಸೆಯಬೇಕು ಅನ್ನುವುದೊಂದು ಬಾಕಿ.

ಬಂದಿಳಿದ ದಿನ: ಬಿಲ್ಲೆಯ ಮನೆ

ತರಬೇತಿಯ ಜಾಗಕ್ಕೆ ಹತ್ತಿರ ಇರಲೆಂದು ಹಳೆಯ ಬುಕಾರೆಸ್ಟಿನಲ್ಲಿ ಒಂದು ಮನೆ ಬಾಡಿಗೆ ಹಿಡಿದಿದ್ದೆವು. ಎತ್ತರದ ಕಟ್ಟಡ, ಸುಂದರ ಮಹಡಿ ಮೆಟ್ಟಿಲು, ಹಿತ್ತಾಳೆಯ ಹಿಡಿಕೆ. ಕೆಳಗೆ ಫುಟ್‌ಪಾತಿನಲ್ಲೇ ಕುರ್ಚಿ ಹಾಕಿದ ಕಾಫಿ ಅಂಗಡಿ. ಬಾಗಿಲ ಪಕ್ಕದ ಗೋಡೆಗೆ ತಟ್ಟೆಯಷ್ಟು ದುಂಡನೆಯ ಕೆಂಪು ಬಿಲ್ಲೆ ಬಡಿದಿತ್ತು. ಪೋಸ್ಟಾಫೀಸಿನದು ಇರಬೇಕು ಅಂದುಕೊಂಡು ನಾನು ಅದರ ಕೆಳಗೆ ನಿಂತು ಫೋಟೋ ತೆಗೆಸಿಕೊಂಡೆ, ಇಳಕಲ್ ಸೀರೆ, ಗುಳೇದಗುಡ್ಡದ ಖಣದ ಕುಬಸ ಎಲ್ಲ ಚೆನ್ನಾಗಿ ಕಾಣುವ ಹಾಗೆ.

ಫೋಟೋ ತೆಗೆದವರು ಫೋನು ಕೆಳಗಿಳಿಸಲಿಲ್ಲ. ಬಿಲ್ಲೆಯ ಮೇಲಿನ ಅಕ್ಷರವನ್ನು ಫೋನಿನಿಂದಲೇ ಅನುವಾದಿಸಿ ಓದಿದರು.

"ಏನ್ ಬರದಾರ್ರೀ?"

"ಏನಿಲ್ಲ."

"ಏನಿಲ್ಲ ಅನ್ನಾಕ ಇಷ್ಟ ದೊಡ್ಡ ಬಿಲ್ಲಿ ಯಾಕ?"

"ಭೂಕಂಪ ಆದ್ರ ಬೀಳೂ ಸಂಭವ ಇರೂ ಕಟ್ಟಡಕ್ಕ ಹಚ್ತಾರ. ಅಪಾಯದಾಗ ಒಂದನೇ ದರ್ಜೆ."

ಒಂದನೇ ದರ್ಜೆ ಅನ್ನುವುದನ್ನು ಅವರು ಹೇಳಿದ ರೀತಿ, ನಮ್ಮ ಸಾಲಿಯ ಹುಡುಗರು ಫಲಿತಾಂಶ ಹೇಳಿದ ಹಾಗಿತ್ತು. ಭೂಕಂಪದ ವಿದ್ಯೆ ಕಲಿಯಲು ಸಮುದ್ರ ದಾಟಿ ಬಂದವರು ಊರಿನಲ್ಲಿ ಹುಡುಕಿ ಹುಡುಕಿ ಬಿಲ್ಲೆ ಪಡೆದ ಮನೆಯನ್ನೇ ಹಿಡಿದಿದ್ದರು. ಮನೆಯೊಡತಿಗೆ ಫೋನು ಮಾಡಿದರೆ ಆಕೆಗೆ ಬೇಸರವಾಯಿತು. ಈ ಓಣಿಯಲ್ಲಿ ಬಿಲ್ಲೆ ಇಲ್ಲದ ಮನೆಗೆ ಬಾಡಿಗೆ ಜಾಸ್ತಿ, ಅದೂ ಅಲ್ಲದೆ ಬಿಲ್ಲೆ ಇಲ್ಲದ ಮನೆ ಗಟ್ಟಿ ಎಂದು ಅರ್ಥವಲ್ಲ, ಅದನ್ನಿನ್ನೂ ಯಾರೂ ಪರೀಕ್ಷೆ ಮಾಡಿಲ್ಲ ಅಂತ ಅರ್ಥ, ಅಂದಳು. ಗಣಿತದ ಶಿಕ್ಷಕಿಯಾಗಿ ಈ ಮಾತಿಗೆ ನಾನು ತಲೆಬಾಗಲೇಬೇಕಾಯಿತು.

ಇವರು ಬ್ಯಾಟರಿ ಹಿಡಿದು ಮೆಟ್ಟಿಲ ಕೆಳಗೆ, ನೆಲಮಾಳಿಗೆಯಲ್ಲಿ, ಕಂಬಗಳನ್ನೆಲ್ಲ ನೋಡಿ ಬಂದು ಪಾಸ್‌ಪೋರ್ಟುಗಳನ್ನು ಷರ್ಟಿನ ಕಿಸೆಯಲ್ಲಿಟ್ಟುಕೊಂಡು ಮಲಗಿದರು. ಕೆಳಗೆ ಕಾಫಿ ಅಂಗಡಿಯಲ್ಲಿ ಜನ ನಗುತ್ತಿದ್ದರು. ನಮ್ಮಲ್ಲಿ ಗೋಡೆಗೆ ಗುರುತು ಬಿದ್ದರೆ ಊರೇ ಏಳುತ್ತದೆ. ಇಲ್ಲಿ ಗುರುತಿನ ಕೆಳಗೆ ಕೂತು ಇನ್ನೊಂದು ಕಾಫಿ ಹೇಳುತ್ತಾರೆ.

ನಡುವಿನ ದಿನಗಳು: ಗಾಳಿಯ ಭಯ

ನೆಲಕ್ಕೆ ಹೆದರದ ಈ ಜನ ಹೆದರುವುದು ಗಾಳಿಗೆ. ಒಂದು ಸೆಕೆಯ ದಿನ ಬಸ್ಸಿನಲ್ಲಿ ಉಸಿರು ಕಟ್ಟಿ ಕಿಟಕಿ ಸರಿಸಿದೆ. ಮುಂದಿನ ಸೀಟಿನ ಮುದುಕಿ ಎದ್ದು ಬಂದು ಮುಚ್ಚಿದಳು. ನಾನು ತೆರೆದೆ. ಆಕೆ ಮುಚ್ಚಿ, ತನ್ನ ಕಿವಿ, ಕುತ್ತಿಗೆ, ಹಲ್ಲು, ಸೊಂಟ, ಒಂದೊಂದನ್ನೇ ಮುಟ್ಟಿ ತೋರಿಸಿದಳು. ಎದುರಾಬದುರಾ ಕಿಟಕಿಗಳಿಂದ ಗಾಳಿ ಹಾದರೆ ಇವಿಷ್ಟೂ ಹೋಗುತ್ತವೆಯಂತೆ. ಬಸ್ಸಿನವರೆಲ್ಲ ತಲೆ ಹಾಕಿ ಆಕೆಯ ಕಡೆಯೇ ನಿಂತರು. ಬಾಗಲಕೋಟೆಯ ಬ್ಯಾಸಗಿಯಲ್ಲಿ ಎದುರಾಬದುರಾ ಬಾಗಿಲು ತೆಗೆದು ನಡುವೆ ಚಾಪೆ ಹಾಸಿ ಮಲಗುವ ನಾವೆಲ್ಲ ಇನ್ನೂ ಬದುಕಿದ್ದೇವೆ ಎಂದು ಆಕೆಗೆ ಹೇಳಲು ನನಗೆ ಭಾಷೆ ಬರಲಿಲ್ಲ.

ಊಟದ ಕಷ್ಟ ಮಾತ್ರ ಬೇಗ ಬಗೆಹರಿಯಿತು. ಮಾಂಸ ಬೇಡ, ಮೊಟ್ಟೆ ಬೇಡ ಎಂದು ನಾವು ಮೂಕಾಭಿನಯ ಮಾಡುವುದನ್ನು ನೋಡಿ ನೋಡಿ ಕಾಫಿ ಅಂಗಡಿಯವಳು ಒಂದು ಉಪಾಯ ಹೇಳಿಕೊಟ್ಟಳು: ಉಪವಾಸದ ಊಟ ಕೇಳಿರಿ. ಅವರ ವ್ರತದ ದಿನಗಳ ಅಡುಗೆಯಂತೆ. ಕೇಳಿದೆವು. ಹುರುಳಿಕಾಯಿ ಪಲ್ಯ, ಬದನೆಕಾಯಿ ಬಜ್ಜಿ, ಗೋವಿನಜೋಳದ ಮುದ್ದಿ, ಅಣಬೆ, ಸೇಬಿನ ಸಿಹಿ, ಎಲ್ಲ ಬಂತು. ಉಪವಾಸವೆಂದರೆ ಎರಡು ಹೊತ್ತಿನ ಊಟ ಒಂದೇ ತಟ್ಟೆಯಲ್ಲಿ ಎಂಬ ತಿಳಿವಳಿಕೆಯಲ್ಲಿ ಅವರಿಗೂ ನಮಗೂ ಭೇದವಿಲ್ಲ.

ಒಂದು ಬ್ಯಾಂಕಿನ ಮೆಟ್ಟಿಲಿಗೆ ಹಾಸಿದ ಕೆಂಪು ಕಲ್ಲು ನೋಡಿ ಇದು ನಮ್ಮ ಇಳಕಲ್ಲಿನದು ಎಂದು ನಾನು ಅಲ್ಲೇ ಕೂತೆ. ಹೇಗೆ ಹೇಳುತ್ತೀ ಅಂದರು ಇವರು. ಸೊಸೆಯಾಗಿ ಬಂದ ಮೇಲೆ ಗಿರಿಜಕ್ಕನ ಇಳಕಲ್ಲಿನಲ್ಲಿ ಎಷ್ಟು ಕಟ್ಟೆಗಳ ಮೇಲೆ ಕೂತಿಲ್ಲ. ಕಾವಲಿನವನು ಬಂದು ಎಬ್ಬಿಸುವತನಕ ಊರಿನಲ್ಲಿ ಕೂತ ಹಾಗೇ ಇತ್ತು.

ತರಗತಿ: ಆಸ್ಪತ್ರೆಯ ಕುಣಿತ

ಮಾಡೆಲ್ ತೋರಿಸುವ ದಿನ ಮನೆಯವರೂ ಬರಬಹುದು ಅಂದಿದ್ದರು. ಹೋಗಿ ಹಿಂದಿನ ಬೆಂಚಿನಲ್ಲಿ ಕೂತೆ. ಪ್ರೊಫೆಸರು ರಾದು ಅಂತ. ಬಾಗಿಲು ತುಂಬುವಂಥ ಆಳು, ಬಿಳಿ ಮೀಸೆ, ಕಾಂಕ್ರೀಟು ಕಲಸುವ ಯಂತ್ರದ ದನಿ. ಇಂಗ್ಲಿಷಿನಲ್ಲಿ ಮಾತಾಡುತ್ತಿದ್ದರು, ನನಗೆ ಕೇಳಿಸಿದ್ದನ್ನು ನಮ್ಮ ಮಾತಿನಲ್ಲೇ ಬರೆಯುತ್ತೇನೆ.

ಪರದೆಯ ಮೇಲೆ ಗಿರಿಜಕ್ಕನ ಆಸ್ಪತ್ರೆ ಬಂತು. ಕಂಬ, ತೊಲೆಗಳೆಲ್ಲ ನೀಲಿ ಗೀಟು, ಬ್ರೇಸೆಲ್ಲ ಕೆಂಪು ಗೀಟು. ಬಾಣಂತಿಯರು, ಬುತ್ತಿಗಂಟು, ಮೋಟರ್ ಸೈಕಲ್ಲು ಎಲ್ಲ ಸೇರಿ ಒಂದು ಭಾರದ ಅಂಕಿ. ಇವರು ಚೆನ್ನಾಗಿಯೇ ಹೇಳಿದರು. ಬ್ರೇಸಿನ ತುದಿಯನ್ನು ಹಳೇ ಕಾಂಕ್ರೀಟಿಗೆ ಬೋಲ್ಟು ಹಾಕಿ ಕೂಡಿಸುವ ಜಾಗ ಸಡಿಲವಾದರೆ ಏನಾಗುತ್ತದೆ, ಜಗ್ಗಿದಾಗ ಗಟ್ಟಿಯಾಗಿರುವ ಕೊಳವೆ ನೂಕಿದಾಗ ಬಿಲ್ಲಿನಂತೆ ಹೇಗೆ ಬಾಗುತ್ತದೆ, ಎಲ್ಲವನ್ನೂ ಮಾಡೆಲ್ಲಿಗೆ ಹಾಕಿದ್ದರು. ರಾದು ಮೀಸೆಯೊಳಗೇ ಮೆಚ್ಚಿಕೊಂಡರು. ನಾನು ಹಿಂದೆ ತಿರುಗಿ ಯಾರಾದರೂ ನೋಡುತ್ತಿದ್ದಾರೆಯೇ ಎಂದು ನೋಡಿದೆ. ಹಿಂದೆ ಗೋಡೆ ಇತ್ತು.

"ಈಗ ಅಲುಗಾಡಿಸೋಣ," ಅಂದರು ರಾದು.

ಕಣ್ಣಿಗೆ ಕಾಣಲೆಂದು ಅಲುಗಾಟವನ್ನು ಹತ್ತಾರು ಪಟ್ಟು ಹಿಗ್ಗಿಸಿ ತೋರಿಸುತ್ತಾರಂತೆ. ಇಳಕಲ್ಲಿನ ಆಸ್ಪತ್ರೆ ಎದ್ದು ಕುಣಿಯಿತು. ಹಿಂದಿನ ಗೋಡೆ ಕದಲಲಿಲ್ಲ. ಮುಂಭಾಗ ಮಾತ್ರ, ಹಿಂದೆ ಕೀಲು ಹಾಕಿದ ಬಾಗಿಲ ಹಾಗೆ, ಆ ಕಡೆ ಈ ಕಡೆ ಬೀಸಿತು. ಮುಂದಿನ ಕಂಬಗಳೆಲ್ಲ ಕೆಂಪಾದವು. ಮೇಲಿನ ಮಾಳಿಗೆಯ ಮೂಲೆ, ಅಂದರೆ ಕೂಸುಗಳನ್ನು ಮಲಗಿಸುವ ಕೋಣೆ, ಎಲ್ಲಕ್ಕಿಂತ ದೂರ ಹೋಗಿ ಬರುತ್ತಿತ್ತು. ಅದು ಆ ಕೋಣೆ ಎಂದು ಅಲ್ಲಿ ಗೊತ್ತಿದ್ದದ್ದು ನಮ್ಮಿಬ್ಬರಿಗೆ.

"ಹಿಂದೆ ಗಟ್ಟಿ ಮಾಡಿದಷ್ಟೂ ಇದು ತಿರುಗುತ್ತದೆ, ಪೆಟ್ಟೆಲ್ಲ ಮುಂದಿನ ಕಂಬಕ್ಕೆ," ಅಂದರು ರಾದು. "ಮುಂದೆ ಯಾಕೆ ಖಾಲಿ ಬಿಟ್ಟಿದ್ದೀರಿ?"

"ಕಟ್ಟಡದ ನೋಟದ ಕಾರಣ."

"ಅಂದರೆ? ಅಲ್ಲಿ ಏನಿದೆ?"

ಇವರು ಪರದೆ ನೋಡಿದರು, ನನ್ನನ್ನು ನೋಡಿದರು. "ನಮ್ಮ ಅಕ್ಕ ಇದ್ದಾಳೆ."

ತರಬೇತಿಗೆ ಪೆರು ದೇಶದಿಂದ ಬಂದಿದ್ದ ಹುಡುಗಿ ಅದನ್ನೂ ಬರೆದುಕೊಂಡಳು. ಆಮೇಲೆ ಬಿಡಿಸಿ ಹೇಳಬೇಕಾಯಿತು. ಇಂಟು ಮಾರ್ಕು, ನಮ್ಮೂರು, ಗೋಡೆಯ ಗುರುತು. ಇವರು ಅರ್ಧ ಹೇಳಿ ಅರ್ಧ ನುಂಗಿದರು. ಕೇಳಿದವರಿಗೆ ಅಪಶಕುನ ಅನ್ನುವ ಒಂದು ಮಾತಷ್ಟೇ ಉಳಿಯಿತು. ರಾದು ಹೊಟ್ಟೆ ಕುಣಿಸಿ ನಕ್ಕರು.

"ಭೂಕಂಪಕ್ಕೆ ಶಕುನ ಗೊತ್ತಿಲ್ಲ, ಗೆಳೆಯಾ. ಎಂಜಿನಿಯರು ಮೂಢನಂಬಿಕೆಯನ್ನು ಮಾಡೆಲ್ಲಿಗೆ ಹಾಕಬಾರದು. ಅದಕ್ಕೆ ತೂಕ ಇಲ್ಲ." ಎಲ್ಲರೂ ನಕ್ಕರು. ಇವರೂ ನಕ್ಕರು, ದಂತವೈದ್ಯರ ಕುರ್ಚಿಯಲ್ಲಿ ಕೂತವರ ನಗು. ಮರುದಿನ ಊಟಕ್ಕೆ ಮನೆಗೆ ಬರಬೇಕು ಎಂದು ರಾದು ನಮ್ಮಿಬ್ಬರನ್ನೂ ಕರೆದರು.

ಹೊರಗೆ ಬಂದು ಇವರು ಬೀದಿಯ ಅಂಗಡಿಗಳನ್ನು ಒಂದೊಂದಾಗಿ ನೋಡುತ್ತ ನಡೆದರು. ಬುಕಾರೆಸ್ಟಿನಲ್ಲಿ ಕರದಂಟು ಸಿಗುವುದಿಲ್ಲ.

"ಅಕ್ಕಗ ಹೆಂಗ ಹೇಳ್ಲಿ? ಮುಂದ ಹಾಕ್ತೇನಿ ಅಂದ್ರ ಕೆಲಸನ ಬ್ಯಾಡ ಅಂತಾಳ. ಹಾಕೂದಿಲ್ಲ ಅಂದ್ರ…"

ಹಾಕದಿದ್ದರೆ ಏನು ಅನ್ನುವುದನ್ನು ಇಬ್ಬರೂ ಪರದೆಯ ಮೇಲೆ ನೋಡಿದ್ದೆವು.

ಹೂವಿನಂಗಡಿ

ಯಾರ ಮನೆಗಾದರೂ ಹೋಗುವಾಗ ಹೂವು ಒಯ್ಯುವುದು ಇಲ್ಲಿಯ ರೀತಿ. ಮೂಲೆ ಮೂಲೆಗೆ ಹೂವಿನಂಗಡಿ. ಗುಲಾಬಿ ತೋರಿಸಿ ಒಂದು ಡಜನ್ ಅಂದೆ. ಅಂಗಡಿಯವಳು ಹನ್ನೊಂದು ಆರಿಸಿ ಕಟ್ಟಲು ಹೋದಳು. ನವನಗರದ ಸಂತೆಯಲ್ಲಿ ಬಾಳೆಹಣ್ಣು ಕೊಂಡು ಪಳಗಿದ ಕಣ್ಣು ನನ್ನದು. ಇನ್ನೊಂದು ಹಾಕು ಅಂದೆ. ಆಕೆ ತಲೆಯಾಡಿಸಿ ಎರಡು ಹೂವು ಎತ್ತಿದಳು. ಎರಡಲ್ಲ, ಒಂದು. ಆಕೆ ಒಂದನ್ನಷ್ಟೇ ಇಡಲೊಲ್ಲಳು, ಇಟ್ಟರೆ ಎರಡು ಅನ್ನುತ್ತಾಳೆ. ಡಜನ್ ಅಂದರೆ ಎಷ್ಟು ಎಂದು ನನಗೆ ಪಾಠ ಹೇಳುವಷ್ಟು ಧೈರ್ಯವೇ ಎಂದು ನಾನು ಬೆರಳು ಮಡಚಿ ಹನ್ನೆರಡು ಎಣಿಸಿ ತೋರಿಸಿದೆ.

ಆಕೆಯ ಮುಖ ಮೆತ್ತಗಾಯಿತು. ಎದೆಯ ಮೇಲೆ ಕೈಯಿಟ್ಟು ಏನೋ ಮೆಲ್ಲಗೆ ಹೇಳಿದಳು. ಹನ್ನೆರಡನ್ನೂ ಅಚ್ಚುಕಟ್ಟಾಗಿ ಕಟ್ಟಿ, ಮೇಲೆ ಕಪ್ಪನೆಯ ರಿಬ್ಬನ್ನು ಸುತ್ತಿ, ನನ್ನ ಕೈಯನ್ನು ಎರಡೂ ಕೈಯಲ್ಲಿ ಹಿಡಿದು ಒತ್ತಿದಳು.

"ನೋಡ್ರಿ, ಘಟ್ಟಿಸಿ ಕೇಳಿದ್ರ ಎಷ್ಟ ಮರ್ಯಾದಿ ಕೊಡ್ತಾರ," ಅಂದೆ ಇವರಿಗೆ.

ರಾದು ಅವರ ಅಡುಗೆಮನೆ

ಬಾಗಿಲು ತೆರೆದವರು ರಾದು ಅವರ ಹೆಂಡತಿ ಡೋಯ್ನಾ. ನಗುತ್ತ ಹೂವಿಗೆ ಕೈ ಚಾಚಿದವರು, ಕಣ್ಣಿನಲ್ಲೇ ಎಣಿಸಿದರು. ನಗು ಅಲ್ಲೇ ನಿಂತಿತು, ಚಾಚಿದ ಕೈಯೂ. ಹಿಂದಿನಿಂದ ರಾದು ಬಂದರು, ನೋಡಿದರು, ಗುಚ್ಛದಿಂದ ಒಂದು ಗುಲಾಬಿಯನ್ನು ಎಳೆದು ನನ್ನ ಕೈಗೆ ಕೊಟ್ಟರು, ಕಪ್ಪು ರಿಬ್ಬನ್ನು ಬಿಚ್ಚಿ ಕಿಸೆಗೆ ಹಾಕಿಕೊಂಡರು, ಉಳಿದದ್ದನ್ನು ಹೆಂಡತಿಗೆ ಕೊಟ್ಟರು. ಡೋಯ್ನಾ ನನ್ನ ಎರಡೂ ಕೆನ್ನೆಗೆ ಮುತ್ತಿಟ್ಟು ಒಳಗೆ ಕರೆದರು.

ಸಮಸಂಖ್ಯೆಯ ಹೂವು ಸತ್ತವರಿಗೆ, ಬೆಸಸಂಖ್ಯೆಯದು ಬದುಕಿದ್ದವರಿಗೆ. ಇದು ಅಲ್ಲಿಯ ಪುಟ್ಟ ಮಕ್ಕಳಿಗೂ ಗೊತ್ತು.

"ನಾನು ಇದನ್ನೆಲ್ಲ ನಂಬುವುದಿಲ್ಲ," ಅಂದರು ರಾದು, ನಮಗೆ ಮನೆಯೊಳಗಿನ ಚಪ್ಪಲಿ ಹುಡುಕಿ ಕೊಡುತ್ತ. "ಆದರೆ ಮನೆಯಲ್ಲಿ ಹೆಂಡತಿ ಇದ್ದಾಳೆ."

"ನನಗೆ ಅರ್ಥವಾಗುತ್ತದೆ," ಅಂದರು ನಮ್ಮವರು. ಇಡೀ ಪ್ರವಾಸದಲ್ಲಿ ಅವರು ಅಷ್ಟು ಸಂತೋಷದಿಂದ ಒಂದು ವಾಕ್ಯ ಆಡಿದ್ದು ಅದೇ ಮೊದಲು.

ಅಡುಗೆಮನೆಯ ಮೇಜಿನಲ್ಲೇ ಊಟ. ಕಿಟಕಿಗಳೆಲ್ಲ ಭದ್ರ. ಉಪವಾಸದ ಅಡುಗೆ ಮೇಜಿನ ತುಂಬ. ಬಾಗಿಲ ಪಕ್ಕ ಗೂಟಕ್ಕೆ ಒಂದು ಬಟ್ಟೆಯ ಚೀಲ ತೂಗುಹಾಕಿತ್ತು. ಊರಿಗೆ ಹೊರಟಿದ್ದೀರಾ ಎಂದು ಕೇಳಿದೆ. ಇಲ್ಲ ಅಂದರು ಡೋಯ್ನಾ. ಅದರಲ್ಲಿ ಬೂಟು, ಶಾಲು, ಬ್ಯಾಟರಿ ಇವೆ. ಅವರು ಹುಡುಗಿಯಾಗಿದ್ದಾಗ ಒಂದು ಸಂಜೆ ನೆಲ ನಡುಗಿ ಎದುರಿನ ಕಟ್ಟಡ ಕುಸಿದು ಕೂತೇ ಬಿಟ್ಟಿತಂತೆ. ಬರಿಗಾಲಲ್ಲಿ ಗಾಜಿನ ಮೇಲೆ ಓಡಿದರಂತೆ. ಆವತ್ತಿನಿಂದ ಎಲ್ಲಿದ್ದರೂ ಬಾಗಿಲ ಬಳಿ ಒಂದು ಚೀಲ. ರಾದು ತಮ್ಮ ತಟ್ಟೆ ನೋಡುತ್ತಿದ್ದರು. ಆ ಚೀಲಕ್ಕೂ ಅವರ ಮಾಡೆಲ್ಲಿನಲ್ಲಿ ತೂಕ ಇರಲಿಲ್ಲ.

ಆಗ ನಾನೇ ಗಿರಿಜಕ್ಕನ ಮಾತು ಪೂರ್ತಿ ಹೇಳಿದೆ. ಮುಳುಗಿದ ಊರು, ಮುಂಗೋಡೆಯ ಬಣ್ಣ, ರಂಗೋಲಿ ನಿಂತದ್ದು. ನನ್ನ ಇಂಗ್ಲಿಷು ಅಷ್ಟಕ್ಕಷ್ಟೆ, ರಂಗೋಲಿ ಅಂದರೇನೆಂದು ಮೇಜಿನ ಮೇಲೆ ಉಪ್ಪಿನಿಂದ ಚುಕ್ಕಿ ಇಟ್ಟು ತೋರಿಸಿದೆ. ಈ ಸಲ ರಾದು ನಗಲಿಲ್ಲ.

"ಒಂದು ಕೇಳಲೇನ್ರಿ?" ಅಂದೆ. "ನಮ್ಮ ಗುಚ್ಛ ತಪ್ಪಾಗಿತ್ತು. ನೀವು ಅದನ್ನು ಎಸೆಯಲಿಲ್ಲ, ಒಂದು ಹೂವು ತೆಗೆದಿರಿ. ಇಂಟು ಮಾರ್ಕಿನೊಳಗಿಂದ ಒಂದು ಗೀಟು ತೆಗೆದರೆ ಅದು ಇಂಟು ಮಾರ್ಕಾಗಿ ಉಳಿಯುವುದಿಲ್ಲ. ಬ್ರೇಸಾಗಿ ಉಳಿಯುತ್ತದೆಯೋ?"

ಇಬ್ಬರು ಎಂಜಿನಿಯರುಗಳೂ ಚಮಚ ಕೆಳಗಿಟ್ಟರು.

"ಪುಸ್ತಕದ ಮೊದಲ ಪಾಠದಲ್ಲೇ ಇದೆ," ಅಂದರು ರಾದು.

"ಹೌದು, ಇದೆ," ಅಂದರು ಇವರು.

ಮೊದಲ ಪಾಠದಲ್ಲೇ ಇರುವುದನ್ನು ದೊಡ್ಡವರು ಮತ್ತೆ ತೆರೆಯುವುದಿಲ್ಲ. ಅಕ್ಕ ಬೇಡ ಅಂದದ್ದು ಗುರುತನ್ನು; ತಮ್ಮ ಅಳಿಸಿದ್ದು ಬ್ರೇಸನ್ನು. ಎರಡೂ ಒಂದೇ ಅಲ್ಲವೆಂದು ಇಬ್ಬರಿಗೂ ಹೊಳೆದಿರಲಿಲ್ಲ. ನನಗೂ ಇಲ್ಲ, ಹೊಳೆಯಲು ಅಂಗಡಿಯವಳ ಹತ್ತಿರ ಒಂದು ಹೂವಿಗೆ ಜಗಳ ತೆಗೆಯಬೇಕಾಯಿತು.

ಲ್ಯಾಪ್‌ಟಾಪು ಮೇಜಿಗೆ ಬಂತು. ಡೋಯ್ನಾ ನಿಟ್ಟುಸಿರುಬಿಟ್ಟು ಪಲ್ಯದ ಬಟ್ಟಲನ್ನು ಸರಿಸಿದರು. ಅವರಿಗೂ ರೂಢಿ ಇರಬೇಕು. ಮುಂದಿನ ಎಡದ ಅಂಕಣಕ್ಕೆ ಒಂದು ಗೀಟು, ಬಲದ ಅಂಕಣಕ್ಕೆ ಒಂದು.

"ಎರಡೂ ಒಂದೇ ಕಡೆ ವಾಲಬಾರದು," ಅಂದರು ರಾದು. "ಎದುರುಬದುರಾಗಿರಲಿ. ನೆಲ ಯಾವ ಕಡೆ ನೂಕಿದರೂ ಒಂದು ಜಗ್ಗಬೇಕು. ಮತ್ತೆ ಈ ತೆಳ್ಳನೆಯ ಕೊಳವೆ ನಡೆಯುವುದಿಲ್ಲ. ಎರಡಿದ್ದಾಗ ಒಂದು ಬಾಗಿದರೂ ಇನ್ನೊಂದು ಹಿಡಿಯುತ್ತಿತ್ತು. ಒಂದೇ ಆದರೆ ಜಗ್ಗಿಸಿಕೊಳ್ಳುವುದೂ ಅದೇ, ನೂಕಿಸಿಕೊಳ್ಳುವುದೂ ಅದೇ."

ಒಬ್ಬಳೇ ಸೊಸೆಯಿರುವ ಮನೆಯ ಪರಿಸ್ಥಿತಿ. ದಪ್ಪನೆಯ ಕೊಳವೆ ಹಾಕಿದರು. ಬೋಲ್ಟು ಹೆಚ್ಚಿಸಿದರು. ಕಂಬದ ಬುಡ ಮೇಲೇಳದಂತೆ ಪಾಯವನ್ನೂ ನೋಡಬೇಕೆಂದು ಇವರು, ಅದು ಹೀಗೆ ಎಂದು ರಾದು, ಅಲ್ಲ ಹಾಗೆ ಎಂದು ಇವರು. ಅಣಬೆ ಆರಿತು. ಕಡೆಗೆ ಅಲುಗಾಡಿಸಿದರು.

ಆಸ್ಪತ್ರೆ ಸೀದಾ ಆ ಕಡೆ ಒಂಚೂರು, ಈ ಕಡೆ ಒಂಚೂರು ಹೋಗಿ ಬಂತು, ತೊಟ್ಟಿಲು ಜಗ್ಗಿದ ಹಾಗೆ. ತಿರುಗಲಿಲ್ಲ. ಮೂಲೆಯ ಕೋಣೆ ಉಳಿದ ಕೋಣೆಗಳ ಜೊತೆಗೇ ಇತ್ತು.

ಡೋಯ್ನಾ ಬಗ್ಗಿ ನೋಡಿ, ಇಷ್ಟು ಸುಲಭವಿದ್ದರೆ ನಮ್ಮ ಓಣಿಯ ಬಿಲ್ಲೆಗಳು ಯಾಕೆ ಇನ್ನೂ ಹಾಗೇ ಇವೆ ಎಂದು ಗಂಡನನ್ನು ಕೇಳಿದರು. ರಾದು ಎದ್ದು ಆಕೆಗೆ ಸೇಬಿನ ಸಿಹಿ ಬಡಿಸಿದರು. ಪ್ರತಿ ದೇಶದಲ್ಲೂ ಒಂದು ಕರದಂಟು ಇರುತ್ತದೆ.

ಹೊರಡುವ ದಿನ

ಬೆಳಿಗ್ಗೆ ಪೆಟ್ಟಿಗೆ ಕಟ್ಟಿ, ಕಾಫಿ ಅಂಗಡಿಯ ಕುರ್ಚಿಯಲ್ಲಿ, ಬಿಲ್ಲೆಯ ಕೆಳಗೇ ಕೂತು ಫೋನು ಮಾಡಿದೆವು. ಇಳಕಲ್ಲಿನಲ್ಲಿ ರೋಗಿಗಳನ್ನು ನೋಡುವ ಹೊತ್ತು. ಇವರು ಸ್ಪೀಕರ್ ಹಚ್ಚಿ ಫೋನನ್ನು ನನ್ನ ಮುಂದೆ ಸರಿಸಿದರು. ನಾನು ಅವರ ಮುಂದೆ ಸರಿಸಿದೆ.

"ಅಕ್ಕಾ, ಮುಂದಿಂದು ಹಾಕಾಕ ಬೇಕು."

"ನಾ ಬ್ಯಾಡ ಅಂದಿದ್ದೆ ಮಲ್ಲೂ."

"ಇಂಟು ಮಾರ್ಕ ಅಲ್ಲ. ಒಂದೊಂದ ಗೀಟು. ಬಾಗಲದ ಎಡಕ್ಕೊಂದು, ಬಲಕ್ಕೊಂದು. ಮ್ಯಾಲ ಬಾಗಲದ ಕಡೆ ವಾಲಿರ್ತಾವು, ಎದುರಾಬದುರಾ."

"ಹೆಂಗ? ಕೈ ಮುಗದಂಗ?"

ಇವರು ತಮ್ಮ ಎರಡೂ ಕೈಗಳನ್ನು ಓರೆ ಮಾಡಿ ನೋಡಿಕೊಂಡರು. "ಹೂಂ. ಹಂಗ."

"ಒಂದ ಸಾಕಂದ್ರ ಮೊದಲ ಎರಡ ಯಾಕ ಬರದಿದ್ದಿ?"

"ಎರಡಿದ್ರ ತೆಳ್ಳಂದು ಸಾಕು. ಒಂದ ಆದ್ರ ದಪ್ಪಂದು ಬೇಕು."

"ಅದನ್ನ ಅವತ್ತ ಹೇಳಾಕ ಏನಾಗಿತ್ತು ನಿನಗ?"

"ನೀ ಕೇಳಲಿಲ್ಲ, ನಾ ಹೇಳಲಿಲ್ಲ."

"ಭಾಳ ಶಾಣ್ಯಾ ಇದ್ದಿ. ಇದೂ ಬ್ಯಾಡ ಅಂದ್ರ?"

ಇವರು ಬಹಳ ಹೊತ್ತು ಕಾಫಿಯ ಬಟ್ಟಲನ್ನು ತಿರುವಿದರು. ಆಮೇಲೆ ಹೇಳಿದ ದನಿಯನ್ನು ನಾನು ಅಕ್ಕನ ಮುಂದೆ ಯಾವತ್ತೂ ಕೇಳಿರಲಿಲ್ಲ.

"ಇದು ಬ್ಯಾಡಂದ್ರ ಹಿಂದಿಂದೂ ಬ್ಯಾಡ. ನಾ ಸಹಿ ಮಾಡೂದಿಲ್ಲ. ಮೂಲ್ಯಾಗಿನ ಕ್ವಾಣಿ ಕೂಸುಗಳನ್ನ ಬ್ಯಾರೆ ಎಲ್ಲೆರ ಒಯ್ಯು."

ಫೋನಿನಾಚೆ ಒಂದು ಕೂಸು ಅಳುವುದು, ಯಾರೋ ಟೋಕನ್ ನಂಬರು ಕೂಗುವುದು, ಗಾಡಿಯ ಹಾರ್ನು ಕೇಳಿಸಿತು. ನಮ್ಮ ಪಕ್ಕದ ಮೇಜಿನವರು ಇನ್ನೊಂದು ಕಾಫಿ ಹೇಳಿದರು.

"ಆ ಎರಡರ ನಡುವ, ಬಾಗಲ ಮುಂದ, ನೆಲ ಖಾಲಿ ಉಳೀತೈತೇನು?" ಅಂದರು ಗಿರಿಜಕ್ಕ.

"ಉಳೀತೈತಿ."

"ರಂಗೋಲಿ ಹಾಕುವಷ್ಟು?"

ಲ್ಯಾಪ್‌ಟಾಪು ಇವರ ಕಾಲ ಬಳಿ ಚೀಲದಲ್ಲಿತ್ತು. ಅದರೊಳಗೆ ಇಡೀ ಆಸ್ಪತ್ರೆ, ಪ್ರತಿ ಬೋಲ್ಟಿನ ಅಳತೆ ಸಮೇತ ಇತ್ತು.

ತೆರೆದು ನೋಡಲಿಲ್ಲ.

"ಹಾಕುವಷ್ಟು," ಅಂದರು.